ಶನಿವಾರವೂ ಏಳದ ಮಕ್ಕಳು: ಲಿಂಡನ್‌ವಿಲ್ ಹಳ್ಳಿಯ ಪ್ರಕರಣ

ಶಾಲೆಗೆ ಹೋಗಲು ಮನಸ್ಸಿಲ್ಲದ ಮಗುವಿಗೆ ಸೋಮವಾರ ಬೆಳಗ್ಗೆ ಹೊಟ್ಟೆನೋವು ಬರುತ್ತದೆ. ಶಾಲೆಯ ಬಸ್ಸು ಹೋದ ಮೇಲೆ ನೋವು ಅರ್ಧಕ್ಕಿಳಿಯುತ್ತದೆ, ಶನಿವಾರ ಹೇಳಹೆಸರಿಲ್ಲದೆ ಮಾಯವಾಗುತ್ತದೆ. ಹೆತ್ತವರಿಗೂ ಮೇಷ್ಟರಿಗೂ ಮಕ್ಕಳ ವೈದ್ಯರಿಗೂ ಇದು ಗೊತ್ತಿರುವ ಹಳೆಯ ಆಟ. ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡು, ಎಲ್ಲ ಪರೀಕ್ಷೆಗಳಲ್ಲೂ ಸರಿಯಾಗಿರುವ ಮಗುವಿನ ಮೇಲೆ ಮೊದಲು ಬೀಳುವ ಗುಮಾನಿಯೂ ಇದೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಿಂಡನ್‌ವಿಲ್ ಎಂಬ ಹಳ್ಳಿಯಲ್ಲಿ 1980ರ ದಶಕದ ನಡುವಿನಲ್ಲಿ ಕಾಯಿಲೆ ಬಿದ್ದ ಮಕ್ಕಳಿಗೆ ಈ ವಿವರಣೆ ಹೊಂದುತ್ತಿರಲಿಲ್ಲ. ಅವರು ಶನಿವಾರವೂ ಏಳುತ್ತಿರಲಿಲ್ಲ. ರಜೆಯಲ್ಲೂ ಏಳಲಿಲ್ಲ. ಆಟಕ್ಕೆ ಹೋಗಬೇಕೆಂದು ಹಟ ಮಾಡಿ ಹೋದ ದಿನದ ಮರುದಿನ ಇನ್ನೂ ಕೆಟ್ಟದಾಗಿ ಮಲಗುತ್ತಿದ್ದರು.

ದೀರ್ಘಕಾಲಿಕ ಬಳಲಿಕೆಯ ಕಾಯಿಲೆಯನ್ನು ವೈದ್ಯಲೋಕ ಗುರುತಿಸಿದ ಚರಿತ್ರೆಯಲ್ಲಿ ಈ ಹಳ್ಳಿಗೆ ವಿಚಿತ್ರವಾದ ಜಾಗವಿದೆ. ಅಲ್ಲಿ ಯಾವ ರೋಗಾಣುವೂ ಖಚಿತವಾಗಿ ಸಿಕ್ಕಲಿಲ್ಲ, ಯಾವ ಔಷಧವೂ ಹುಟ್ಟಲಿಲ್ಲ. ಉಳಿದದ್ದು ಒಂದು ಪಟ್ಟಿ. ಯಾರು ಯಾವಾಗ ಮಲಗಿದರು, ಮನೆಯಲ್ಲಿ ಇನ್ನಾರಿಗೆ ಹೀಗಾಯಿತು, ಎಷ್ಟು ದಿನ ಶಾಲೆ ತಪ್ಪಿತು, ಹದಿಮೂರು ವರ್ಷದ ನಂತರ ಹೇಗಿದ್ದಾರೆ, ಇಪ್ಪತ್ತೈದು ವರ್ಷದ ನಂತರ ಹೇಗಿದ್ದಾರೆ ಎಂಬ ಪಟ್ಟಿ. ನನ್ನ ಮಟ್ಟಿಗೆ ಅದೇ ಈ ಪ್ರಕರಣದ ತಿರುಳು. ವೈರಸ್ ಬೇಟೆಯ ಕತೆ ಹೆಚ್ಚು ರೋಚಕ, ಅದನ್ನೂ ಹೇಳುತ್ತೇನೆ. ಆದರೆ ಅದು ಪಕ್ಕದ ಕತೆ.

ಊರು ಮತ್ತು ದವಾಖಾನೆ

ನ್ಯೂಯಾರ್ಕ್ ಎಂದೊಡನೆ ಮುಗಿಲಿಗೆ ತಾಗುವ ಕಟ್ಟಡಗಳು ಕಣ್ಣಿಗೆ ಬರುವವರು ಆ ಚಿತ್ರವನ್ನು ಇಲ್ಲಿ ಒರೆಸಿಹಾಕಬೇಕು. ಲಿಂಡನ್‌ವಿಲ್ ಇರುವುದು ರಾಜ್ಯದ ಪಶ್ಚಿಮದ ಆರ್ಲೀನ್ಸ್ ಕೌಂಟಿಯಲ್ಲಿ, ಬಫಲೊ ಮತ್ತು ರಾಚೆಸ್ಟರ್ ನಗರಗಳ ನಡುವೆ, ಒಂಟಾರಿಯೊ ಸರೋವರದ ದಕ್ಷಿಣ ದಂಡೆಯಿಂದ ಕೆಲವೇ ಕಿಲೋಮೀಟರ್ ಒಳಗೆ. ಸರೋವರದ ನೀರು ಚಳಿಯ ಏರಿಳಿತವನ್ನು ಮೆತ್ತಗಾಗಿಸುವುದರಿಂದ ಆ ದಂಡೆಯುದ್ದಕ್ಕೂ ಸೇಬಿನ ತೋಟಗಳಿವೆ. ಊರಿನ ಜನಸಂಖ್ಯೆ ಆಗ 900ರ ಆಸುಪಾಸು. ಸುತ್ತಲಿನ ಹೊಲ, ತೋಟ, ಹೈನುಗಾರಿಕೆಯ ಮನೆಗಳವರೂ ಇದೇ ಊರನ್ನು ಆಶ್ರಯಿಸಿದವರು.

ಮಕ್ಕಳ ವೈದ್ಯ ಡೇವಿಡ್ ಬೆಲ್ ಅಲ್ಲಿ ದವಾಖಾನೆ ನಡೆಸುತ್ತಿದ್ದರು. ಅವರ ಪತ್ನಿ ಕರೆನ್ ಬೆಲ್ ಕೂಡ ವೈದ್ಯೆ. ಇಂಥ ಊರಿನ ವೈದ್ಯರಿಗೆ ನಗರದ ತಜ್ಞರಿಗಿಲ್ಲದ ಒಂದು ಅನುಕೂಲವಿರುತ್ತದೆ. ತಲೆನೋವಿನ ಮಗು ನಗರದಲ್ಲಾದರೆ ನರರೋಗ ತಜ್ಞರ ಬಳಿಗೆ ಹೋಗುತ್ತಿತ್ತು, ಹೊಟ್ಟೆನೋವಿನ ಮಗು ಜಠರ ತಜ್ಞರ ಬಳಿಗೆ, ಕೀಲುನೋವಿನದು ಇನ್ನೊಬ್ಬರ ಬಳಿಗೆ, ಅಳುವ ಮಗು ಮನೋವೈದ್ಯರ ಬಳಿಗೆ. ನಾಲ್ವರೂ ಒಂದೊಂದು ವಿಚಿತ್ರ ಪ್ರಕರಣವನ್ನು ಕಂಡು ಮರೆಯುತ್ತಿದ್ದರು. ಹಳ್ಳಿಯಲ್ಲಿ ಆ ನಾಲ್ಕೂ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುತ್ತವೆ. ಕೆಲವೊಮ್ಮೆ ಒಂದೇ ಮನೆಯವೂ ಆಗಿರುತ್ತವೆ. ಹೋದ ವರ್ಷ ಈ ಹುಡುಗ ಹೇಗಿದ್ದ ಎಂಬುದು ವೈದ್ಯರಿಗೆ ಗೊತ್ತು. ಅವನು ಸೋಮಾರಿಯೋ ಅಲ್ಲವೋ ಎಂಬುದೂ ಗೊತ್ತು.

1985ರ ಅಕ್ಟೋಬರ್ ಸುಮಾರಿಗೆ ಬೆಲ್ ಅವರಿಗೆ ಏನೋ ನಡೆಯುತ್ತಿದೆ ಎಂಬುದು ಸ್ಪಷ್ಟವಾಯಿತು. ಹಿಂದಕ್ಕೆ ಹೋಗಿ ನೋಡಿದರೆ 1984ರಲ್ಲೇ ಕೆಲವರು ಮಲಗಿದ್ದರು. 1987ರ ಕೊನೆಯ ಹೊತ್ತಿಗೆ ಊರು ಮತ್ತು ಸುತ್ತಲಿನ 210ರಷ್ಟು ಮಂದಿ ಈ ಪಟ್ಟಿಯಲ್ಲಿದ್ದರು. ಅವರಲ್ಲಿ ಮಕ್ಕಳು ಬಹಳ.

ಬಹುಪಾಲು ಮಕ್ಕಳಲ್ಲಿ ಕಾಯಿಲೆ ಶುರುವಾದದ್ದು ಸಾಧಾರಣ ಫ್ಲೂ ಜ್ವರದಂತೆ. ಗಂಟಲು ಕೆರೆತ, ಮೈಕೈ ನೋವು, ಕುತ್ತಿಗೆಯಲ್ಲಿ ಗ್ರಂಥಿಗಳ ಊತ, ತಲೆನೋವು. ವಾರದಲ್ಲಿ ಹೋಗುತ್ತದೆ ಎಂದುಕೊಂಡರು, ಹೋಗಲಿಲ್ಲ. ಗ್ರಂಥಿ ಜ್ವರವಿರಬಹುದು, ಒಂದೆರಡು ತಿಂಗಳು ಹಿಡಿಯುತ್ತದೆ ಎಂದುಕೊಂಡರು, ಆಗಲೂ ಹೋಗಲಿಲ್ಲ. ಹೊಟ್ಟೆನೋವು ಸೇರಿಕೊಂಡಿತು. ಬೆಳಕು ಕಣ್ಣಿಗೆ ಚುಚ್ಚತೊಡಗಿತು. ಹತ್ತು ಗಂಟೆ ಮಲಗಿ ಎದ್ದರೂ ಮಲಗಿಯೇ ಇಲ್ಲವೇನೋ ಎಂಬಂತಿರುತ್ತಿತ್ತು. ಚೆನ್ನಾಗಿ ಓದುತ್ತಿದ್ದ ಮಗು ಅದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ಏರಿಳಿತ. ಮಂಗಳವಾರ ಅಂಗಳದಲ್ಲಿ ಓಡಿದ ಹುಡುಗ ಬುಧವಾರ, ಗುರುವಾರ ಮೆಟ್ಟಿಲು ಹತ್ತಲಾರ. ಮಂಗಳವಾರ ಅವನನ್ನು ನೋಡಿದ ನೆರೆಯವರು ಗುರುವಾರ ನಂಬುವುದಾದರೂ ಹೇಗೆ?

ರಕ್ತದ ಎಣಿಕೆ ಸರಿ, ಮೂತ್ರ ಸರಿ, ಥೈರಾಯ್ಡ್ ಸರಿ. ಸಾಮಾನ್ಯ ಪರೀಕ್ಷೆಗಳೆಲ್ಲ ಸರಿ ಇರುವುದು ಈ ಕಾಯಿಲೆಯ ಶಾಪ. ವರದಿ ನಾರ್ಮಲ್ ಎಂದು ಬಂದಾಗ ಬೇರೆ ರೋಗಿಗಳು ನಿಟ್ಟುಸಿರು ಬಿಡುತ್ತಾರೆ. ಇವರ ಪಾಲಿಗೆ ಆ ಕಾಗದ ಅನುಮಾನದ ದಾಖಲೆಯಾಗುತ್ತದೆ.

ಕಾಯಿಲೆಗಿಂತ ಮೊದಲೇ ಹೆಸರು

ಇಂಥ ಗುಂಪು ಕಾಯಿಲೆ ಜಗತ್ತಿಗೆ ಹೊಸದಾಗಿರಲಿಲ್ಲ. 1934ರಲ್ಲಿ ಲಾಸ್ ಏಂಜಲೀಸ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿಯಲ್ಲಿ, 1948ರ ಚಳಿಗಾಲದಲ್ಲಿ ಐಸ್‌ಲೆಂಡಿನ ಅಕುರೇರಿ ಎಂಬ ಪಟ್ಟಣದಲ್ಲಿ, 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನೂರಾರು ಜನ ಹೀಗೆಯೇ ಮಲಗಿದ್ದರು. ಅದೇ 1955ರಲ್ಲಿ ಉತ್ತರ ಇಂಗ್ಲೆಂಡಿನ ಡಾಲ್ಸ್‌ಟನ್ ಎಂಬ ಹಳ್ಳಿಯ ವೈದ್ಯ ಎ. ಎಲ್. ವಾಲಿಸ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದಿಟ್ಟು, ಮುಂದೆ ಅದನ್ನೇ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಪ್ರಬಂಧವಾಗಿ ಸಲ್ಲಿಸಿದರು. ಲಿಂಡನ್‌ವಿಲ್‌ಗೆ ಮೂವತ್ತು ವರ್ಷ ಮೊದಲೇ ಒಬ್ಬ ಹಳ್ಳಿಯ ವೈದ್ಯ ಇದೇ ಕೆಲಸ ಮಾಡಿದ್ದರು. ಅದು ಕಪಾಟು ಸೇರಿತು.

1956ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕೀಯ ಇದನ್ನು 'ಸೌಮ್ಯ ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್' ಎಂದು ಕರೆಯಿತು, ಅಂದರೆ ಸ್ನಾಯುನೋವಿನ ಜೊತೆಗೆ ಮಿದುಳು ಮತ್ತು ಬೆನ್ನುಹುರಿಯ ಉರಿಯೂತ. ಸೌಮ್ಯ ಎಂದದ್ದು ಯಾರೂ ಸಾಯಲಿಲ್ಲ ಎಂಬ ಕಾರಣಕ್ಕೆ. ಹಾಸಿಗೆ ಹಿಡಿದವರನ್ನು ಕೇಳಿದ್ದರೆ ಆ ವಿಶೇಷಣ ಬೀಳುತ್ತಿರಲಿಲ್ಲ. 1970ರಲ್ಲಿ ಮೆಕ್‌ಎವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ರಾಯಲ್ ಫ್ರೀ ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವಿ ಹಾಕಿ, ಅದು ಸಾಮೂಹಿಕ ಉನ್ಮಾದ ಎಂದು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ಮಲಗಿದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ವಾದದ ಒಂದು ಕಂಬ. ದಾದಿಯರೇ ತುಂಬಿರುವ ಆಸ್ಪತ್ರೆಯಲ್ಲಿ ಮಲಗುವವರು ಬೇರೆ ಯಾರಿರುತ್ತಾರೆ ಎಂದು ಕೇಳುವಷ್ಟು ವ್ಯವಧಾನ ಬಹಳ ಜನಕ್ಕೆ ಇರಲಿಲ್ಲ. ಆ ತೀರ್ಪು ಗಟ್ಟಿಯಾಗಿ ಕುಳಿತುಬಿಟ್ಟಿತು.

ಅಮೆರಿಕದಲ್ಲಿ 1985ರ ಜನವರಿಯಲ್ಲಿ ಎರಡು ವೈದ್ಯಕೀಯ ಲೇಖನಗಳು ಎಪ್‌ಸ್ಟೀನ್-ಬಾರ್ ವೈರಸ್ಸಿನತ್ತ ಬೆರಳು ತೋರಿಸಿದವು. ಗ್ರಂಥಿ ಜ್ವರ ತರುವ ವೈರಸ್ ಅದು. ಅದೇ ವರ್ಷ ನೆವಾಡಾ ರಾಜ್ಯದ ಟಾಹೊ ಸರೋವರದ ದಂಡೆಯ ಇನ್‌ಕ್ಲೈನ್ ವಿಲೇಜ್ ಎಂಬಲ್ಲಿ ಪಾಲ್ ಚೆನಿ ಮತ್ತು ಡೇನಿಯಲ್ ಪೀಟರ್ಸನ್ ಎಂಬ ವೈದ್ಯರು ತಮ್ಮ ರೋಗಿಗಳ ಬಗ್ಗೆ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ, ಅಂದರೆ ಸಿಡಿಸಿಗೆ, ತಿಳಿಸಿದರು. ಕೇಂದ್ರದ ತಂಡ ಬಂದು ನೋಡಿ ಹೋಯಿತು. ಎಪ್‌ಸ್ಟೀನ್-ಬಾರ್ ವೈರಸ್ ಕಾರಣವೆಂದು ಹೇಳಲು ಆಧಾರ ಸಾಲದು ಎಂಬುದು 1987ರಲ್ಲಿ ಬಂದ ವರದಿಯ ಸಾರ. ಅದು ತಪ್ಪಲ್ಲ, ಬಹುತೇಕ ಎಲ್ಲ ವಯಸ್ಕರ ರಕ್ತದಲ್ಲೂ ಆ ವೈರಸ್ಸಿನ ಗುರುತು ಇರುತ್ತದೆ. ಆದರೆ ಇನ್‌ಕ್ಲೈನ್ ವಿಲೇಜ್ ಸಿರಿವಂತರ ವಿಹಾರಧಾಮ. ದುಡಿದು ದಣಿದ ಹಣವಂತರ ಜ್ವರ ಎಂಬ ಅರ್ಥದಲ್ಲಿ ಪತ್ರಿಕೆಗಳು 'ಯಪ್ಪಿ ಫ್ಲೂ' ಎಂಬ ಅಡ್ಡಹೆಸರನ್ನು ಎತ್ತಿಕೊಂಡವು. ಸೇಬಿನ ತೋಟದ ಊರಿನ ಹನ್ನೆರಡು ವರ್ಷದ ಹುಡುಗಿ ಯಾವ ಷೇರುಪೇಟೆಯಲ್ಲಿ ದುಡಿದು ದಣಿದಿದ್ದಳು? ಲಿಂಡನ್‌ವಿಲ್ ಆ ಅಡ್ಡಹೆಸರಿಗೆ ಸಿದ್ಧ ಉತ್ತರವಾಗಿತ್ತು. ಕೇಳಿಸಿಕೊಂಡವರು ಕಡಿಮೆ.

1988ರ ಮಾರ್ಚಿನಲ್ಲಿ ಸಿಡಿಸಿಯ ಗ್ಯಾರಿ ಹೋಮ್ಸ್ ಮತ್ತು ಹದಿನೈದು ಮಂದಿ ಸಹಲೇಖಕರು ಅಧಿಕೃತ ವ್ಯಾಖ್ಯೆ ಕೊಟ್ಟರು. ಹೆಸರು 'ಕ್ರಾನಿಕ್ ಫಟೀಗ್ ಸಿಂಡ್ರೋಮ್'. ರೋಗಿಗಳನ್ನು ದಿನವೂ ನೋಡುತ್ತಿದ್ದ ಚೆನಿ, ಪೀಟರ್ಸನ್, ಬೆಲ್ ಮೂವರೂ ಆ ಲೇಖಕರ ಪಟ್ಟಿಯಲ್ಲಿಲ್ಲ. ಹೊಸದಾಗಿ ಬಂದ ಬಳಲಿಕೆ ಕನಿಷ್ಠ ಆರು ತಿಂಗಳು ಇರಬೇಕು, ದಿನನಿತ್ಯದ ಚಟುವಟಿಕೆ ಅರ್ಧಕ್ಕಿಂತ ಕೆಳಗಿಳಿದಿರಬೇಕು, ಹನ್ನೊಂದು ಲಕ್ಷಣಗಳಲ್ಲಿ ಎಂಟು ಇರಬೇಕು, ಇಲ್ಲವೇ ಆರು ಲಕ್ಷಣಗಳ ಜೊತೆಗೆ ವೈದ್ಯರೇ ಕಂಡ ಎರಡು ದೈಹಿಕ ಚಿಹ್ನೆಗಳಿರಬೇಕು. ಹೀಗೆ ಎಣಿಕೆಯ ನಿಯಮ.

ಕನ್ನಡದಲ್ಲಿ ನಮಗೆ ದಣಿವು, ಆಯಾಸ, ಸುಸ್ತು, ಬಳಲಿಕೆ, ನಿತ್ರಾಣ ಎಂದು ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ದಣಿವು ಕೆಲಸ ಮಾಡಿದವನಿಗೆ, ನಿತ್ರಾಣ ಹಾಸಿಗೆ ಹಿಡಿದವನಿಗೆ. ಇಂಗ್ಲಿಷಿನ ಫಟೀಗ್ ಎಂಬ ಒಂದೇ ಪದದಲ್ಲಿ ಇವೆಲ್ಲ ಕರಗಿಹೋದವು. "ನನಗೂ ಸುಸ್ತಾಗುತ್ತದಪ್ಪ" ಎಂದು ಯಾರು ಬೇಕಾದರೂ ಹೇಳುವಂಥ ಹೆಸರು ಒಂದು ಕಾಯಿಲೆಗೆ ಅಂಟಿಕೊಂಡಿತು. ಈ ವ್ಯಾಖ್ಯೆ ಕಾಯಿಲೆಗೆ ವಿಳಾಸ ಕೊಟ್ಟಿತು ಎಂಬುದು ನಿಜ, ಆದರೆ ಹೆಸರಿನಿಂದಲೇ ಅದನ್ನು ಕೆಳಕ್ಕೆ ನೂಕಿತು ಎಂಬುದೂ ಅಷ್ಟೇ ನಿಜ.

ಮಕ್ಕಳಿಗೆ ಇನ್ನೊಂದು ತೊಡಕು. ಆರು ತಿಂಗಳು ಎಂದರೆ ವಯಸ್ಕನ ಬದುಕಿನಲ್ಲಿ ಒಂದು ಋತು. ಮಗುವಿಗೆ ಅದು ಶಾಲೆಯ ವರ್ಷದ ಬಹುಪಾಲು. ವ್ಯಾಖ್ಯೆ ಒಪ್ಪುವ ದಿನ ಬರುವುದರೊಳಗೆ ಮಗು ತರಗತಿಯಿಂದ ಜಾರಿರುತ್ತದೆ, ಗೆಳೆಯರು ಮುಂದೆ ಹೋಗಿರುತ್ತಾರೆ, ಶಾಲೆಯ ಕಡತದಲ್ಲಿ 'ಗೈರುಹಾಜರಿ' ಎಂಬ ಪದ ದಪ್ಪಕ್ಷರದಲ್ಲಿ ಕುಳಿತಿರುತ್ತದೆ.

ಹಸಿ ಹಾಲು ಮತ್ತು ವೈರಸ್ ಬೇಟೆ

ಹಳ್ಳಿಯ ಮಕ್ಕಳ ಬಗ್ಗೆ ವ್ಯವಸ್ಥಿತವಾದ ಮೊದಲ ಲೆಕ್ಕಾಚಾರ 1991ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕಿ ಕರೆನ್ ಬೆಲ್. ಕಾಯಿಲೆಯಾದ 21 ಮಕ್ಕಳನ್ನು ಆರೋಗ್ಯವಂತ ಮಕ್ಕಳೊಂದಿಗೆ ಹೋಲಿಸಿ, ಯಾವುದು ಇವರಲ್ಲಿ ಹೆಚ್ಚು, ಯಾವುದು ಕಡಿಮೆ ಎಂದು ಕೇಳಿದರು. ಮೂರು ಸಂಗತಿಗಳು ಎದ್ದು ಕಂಡವು. ಮನೆಯಲ್ಲಿ ಬೇರೆಯವರಿಗೂ ಇಂಥ ಲಕ್ಷಣಗಳಿರುವುದು, ಅಲರ್ಜಿ ಅಥವಾ ಉಬ್ಬಸದ ಹಿನ್ನೆಲೆ, ಮತ್ತು ಇತ್ತೀಚೆಗೆ ಹಸಿ ಹಾಲು ಕುಡಿದಿರುವುದು.

ಹಸಿ ಹಾಲು ಎಂದ ಕೂಡಲೇ ಗ್ರಾಮೀಣ ವೈದ್ಯರ ಕಿವಿ ನೆಟ್ಟಗಾಗುತ್ತದೆ. ಕಾಯಿಸದ ಹಾಲಿನಿಂದ ಬ್ರೂಸೆಲ್ಲೋಸಿಸ್ ಬರುತ್ತದೆ, ಕ್ಯೂ ಜ್ವರವೂ ಬರಬಹುದು. ಎರಡೂ ಜಾನುವಾರುಗಳಿಂದ ಬರುವ ಸೋಂಕುಗಳು, ಎರಡೂ ಕೆಲವರಲ್ಲಿ ತಿಂಗಳುಗಟ್ಟಲೆ ನಿತ್ರಾಣ ಬಿಟ್ಟುಹೋಗುತ್ತವೆ. ಲಿಂಡನ್‌ವಿಲ್‌ನಲ್ಲಿ ಈ ಸುಳಿವು ಯಾವ ಒಂದು ರೋಗಾಣುವಿಗೂ ಕರೆದೊಯ್ಯಲಿಲ್ಲ. ಒಂದು ಸೋಂಕು, ಅದಕ್ಕೆ ಒಳಗಾಗುವ ಒಂದು ಬಗೆಯ ದೇಹಪ್ರಕೃತಿ, ಇವೆರಡರ ಕೂಡುವಿಕೆ ಎಂಬಲ್ಲಿಗೆ ವಿಚಾರ ನಿಂತಿತು.

ಅಷ್ಟರಲ್ಲಿ ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಯ ಎಲೈನ್ ಡಿಫ್ರೀಟಸ್ ದೊಡ್ಡ ಸುದ್ದಿಯೊಂದಿಗೆ ಬಂದರು. ಬೆಲ್ ಮತ್ತು ಚೆನಿ ಒದಗಿಸಿದ ರೋಗಿಗಳ ರಕ್ತದಲ್ಲಿ ಎಚ್‌ಟಿಎಲ್‌ವಿ-2 ಎಂಬ ರೆಟ್ರೋವೈರಸ್ಸನ್ನು ಹೋಲುವ ಅನುವಂಶಿಕ ತುಣುಕುಗಳು ಸಿಕ್ಕಿವೆ ಎಂದು ಅವರ ತಂಡ 1991ರಲ್ಲಿ ಪ್ರಕಟಿಸಿತು. ಏಡ್ಸ್ ತರುವುದೂ ಒಂದು ರೆಟ್ರೋವೈರಸ್ಸೇ, ಅದರ ಭೀತಿ ತುತ್ತತುದಿಯಲ್ಲಿದ್ದ ಕಾಲ ಅದು; ಆ ಪದವೇ ಸಾಕಿತ್ತು. ಸಿಡಿಸಿ ಮತ್ತೆ ಪರೀಕ್ಷಿಸಿದಾಗ ಆ ಫಲಿತಾಂಶ ಬರಲಿಲ್ಲ. ಎರಡೂ ಕಡೆಯವರು ವಿಧಾನದ ಬಗ್ಗೆ ಜಗಳವಾಡಿದರು, ಕೊನೆಗೆ ದಾರಿ ಮುಚ್ಚಿತು. 2009ರಲ್ಲಿ ಎಕ್ಸ್‌ಎಂಆರ್‌ವಿ ಎಂಬ ಇನ್ನೊಂದು ರೆಟ್ರೋವೈರಸ್ಸಿನ ಹೆಸರಿನಲ್ಲಿ ಅದೇ ನಾಟಕ ಹೊಸ ಪಾತ್ರಧಾರಿಗಳೊಂದಿಗೆ ಆಡಲ್ಪಟ್ಟಿತು. ಅದು ಪ್ರಯೋಗಾಲಯದ ಮಲಿನತೆ ಎಂದು ತಿಳಿದು, ಪ್ರಬಂಧವನ್ನು 2011ರ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆ ಹಿಂತೆಗೆದುಕೊಂಡಿತು.

ಒಂದೇ ವೈರಸ್ ಹುಡುಕುವುದೇ ತಪ್ಪು ಪ್ರಶ್ನೆಯಾಗಿತ್ತೇನೋ ಎಂಬ ಅನುಮಾನಕ್ಕೆ ಬಲ ಬಂದದ್ದು ಇನ್ನೊಂದು ಗ್ರಾಮೀಣ ಪ್ರದೇಶದಿಂದ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಡಬ್ಬೊ ಪಟ್ಟಣದ ಸುತ್ತಮುತ್ತ ಎಪ್‌ಸ್ಟೀನ್-ಬಾರ್, ಕ್ಯೂ ಜ್ವರ, ರಾಸ್ ರಿವರ್ ವೈರಸ್ ಎಂಬ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನು ಮೊದಲ ದಿನಗಳಿಂದಲೇ ಹಿಂಬಾಲಿಸಲಾಯಿತು. ಆರು ತಿಂಗಳ ನಂತರ 28 ಮಂದಿ, ಅಂದರೆ ನೂರಕ್ಕೆ ಹನ್ನೊಂದು ಜನ, ಈ ಕಾಯಿಲೆಯ ವ್ಯಾಖ್ಯೆಗೆ ಸರಿಹೊಂದಿದರು. ಮೂರೂ ಸೋಂಕುಗಳ ನಂತರ ಚಿತ್ರ ಒಂದೇ. ಯಾರು ಏಳುವುದಿಲ್ಲ ಎಂಬುದನ್ನು ಹೇಳಿದ್ದು ಮೊದಲ ಜ್ವರದ ತೀವ್ರತೆ. ವಯಸ್ಸಾಗಲಿ, ಹೆಣ್ಣು-ಗಂಡಾಗಲಿ, ಮನಸ್ಥಿತಿಯಾಗಲಿ ಅಲ್ಲ. ಈ ಅಧ್ಯಯನ 2006ರಲ್ಲಿ ಪ್ರಕಟವಾಯಿತು, 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲೇ. 1970ರಲ್ಲಿ ಉನ್ಮಾದ ಎಂದು ಮುದ್ರಿಸಿದ್ದ ಅದೇ ಪತ್ರಿಕೆ.

ಗೋಡೆಗೆ ಒರಗಿ ಹತ್ತು ನಿಮಿಷ

ವೈರಸ್ ಸಿಗದಿದ್ದರೂ ದೇಹದಲ್ಲಿ ಏನೋ ಹದ ತಪ್ಪಿದೆ ಎಂಬುದನ್ನು ಬಹಳ ಸರಳವಾದ ಪರೀಕ್ಷೆಯಲ್ಲಿ ತೋರಿಸಬಹುದಾಗಿತ್ತು. ಅದಕ್ಕೆ ಬೇಕಾದದ್ದು ಒಂದು ಮಂಚ, ಒಂದು ಗೋಡೆ, ರಕ್ತದೊತ್ತಡದ ಪಟ್ಟಿ, ಗಡಿಯಾರ.

ಹುಡುಗಿಯನ್ನು ಹತ್ತು ನಿಮಿಷ ಅಂಗಾತ ಮಲಗಿಸಿ ನಾಡಿ ಎಣಿಸುತ್ತಾರೆ: ಎಪ್ಪತ್ತೆರಡು ಎಂದಿಟ್ಟುಕೊಳ್ಳೋಣ. ಆಮೇಲೆ ಗೋಡೆಗೆ ಹಗುರವಾಗಿ ಒರಗಿ ನಿಲ್ಲಲು ಹೇಳುತ್ತಾರೆ. ಕಾಲು ಆಡಿಸಬಾರದು, ಮಾತಾಡಬಾರದು. ಎರಡು ನಿಮಿಷಕ್ಕೆ ತೊಂಬತ್ತೆಂಟು. ಐದು ನಿಮಿಷಕ್ಕೆ ನೂರ ಹತ್ತು. ಮುಖ ಬಿಳಿಚಿಕೊಳ್ಳುತ್ತದೆ. ಪಾದಗಳು ಕೆಂಪು ಮಿಶ್ರಿತ ನೇರಳೆ ಬಣ್ಣಕ್ಕೆ ತಿರುಗುತ್ತವೆ, ಬೆರಳಿಂದ ಒತ್ತಿದರೆ ಬಿಳಿಯ ಗುರುತು ಮೂಡಿ ನಿಧಾನವಾಗಿ ಮಾಸುತ್ತದೆ. ಎಂಟನೆಯ ನಿಮಿಷಕ್ಕೆ ನೂರ ಇಪ್ಪತ್ತು. "ತಲೆ ಮಂಜಾಗುತ್ತಿದೆ" ಎನ್ನುತ್ತಾಳೆ. ಹದಿಹರೆಯದವರಲ್ಲಿ ನಿಂತ ಹತ್ತು ನಿಮಿಷದೊಳಗೆ ನಾಡಿ ನಲವತ್ತು ಏರಿ ಅಲ್ಲೇ ನಿಂತರೆ, ವಯಸ್ಕರಲ್ಲಿ ಮೂವತ್ತು ಏರಿದರೆ, ರಕ್ತ ಕಾಲಿಗಿಳಿದು ಮೇಲೆ ಬರಲು ಹೆಣಗುತ್ತಿದೆ ಎಂದರ್ಥ. ಮಲಗಿಸಿ ಪರೀಕ್ಷಿಸುವ ದವಾಖಾನೆಯಲ್ಲಿ ಇದು ಎಂದಿಗೂ ಕಾಣುವುದಿಲ್ಲ. ಮಂಚದ ಮೇಲೆ ಅವಳ ವರದಿ ನಾರ್ಮಲ್.

ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪೀಟರ್ ರೋ ಮತ್ತು ಸಂಗಡಿಗರು. ಓರೆಯಾಗಿಸುವ ಮೇಜಿನ ಮೇಲೆ ರೋಗಿಗಳನ್ನು ನಿಲ್ಲಿಸಿ ನೋಡಿದಾಗ 23 ಮಂದಿಯಲ್ಲಿ 22 ಮಂದಿಯ ರಕ್ತದೊತ್ತಡ ಅಸಹಜವಾಗಿ ವರ್ತಿಸಿತು; ಆರೋಗ್ಯವಂತ 14 ಮಂದಿಯಲ್ಲಿ ಹಾಗಾದದ್ದು ನಾಲ್ವರಿಗೆ ಮಾತ್ರ. ಅದು 1995ರ ಮಾತು. ಬೆಲ್ ಅವರು ಸಿರಾಕ್ಯೂಸ್‌ನ ಅಂತಃಸ್ರಾವ ತಜ್ಞ ಡೇವಿಡ್ ಸ್ಟ್ರೀಟನ್ ಅವರ ಜೊತೆ ಸೇರಿ ಇನ್ನೊಂದು ಕಡೆಯಿಂದ ಹೊರಟರು. ಮೈಯಲ್ಲಿ ರಕ್ತವೇ ಕಡಿಮೆ ಇದೆಯೇ? ರಕ್ತದ ಎಣಿಕೆಯ ಸಾಮಾನ್ಯ ಪರೀಕ್ಷೆ ಇದನ್ನು ಹೇಳಲಾರದು. ಅದು ಒಂದು ಹನಿಯಲ್ಲಿ ಎಷ್ಟು ಕಣಗಳಿವೆ ಎಂದು ಹೇಳುತ್ತದೆಯೇ ಹೊರತು ಕೊಡದಲ್ಲಿ ಎಷ್ಟು ನೀರಿದೆ ಎಂದಲ್ಲ. ಅಳೆದು ನೋಡಿದಾಗ ಅನೇಕರಲ್ಲಿ ಕೆಂಪುಕಣಗಳ ಒಟ್ಟು ಪ್ರಮಾಣ ಕಡಿಮೆಯಿತ್ತು. ಗಾಯಾಳುಗಳಿಗೆ ರಕ್ತಸ್ರಾವದ ಆಘಾತ ತಡೆಯಲು ಸೈನ್ಯದಲ್ಲಿ ಬಳಸುತ್ತಿದ್ದ, ಗಾಳಿ ತುಂಬಿ ಬಿಗಿಯುವ ಪ್ಯಾಂಟನ್ನು ಈ ರೋಗಿಗಳಿಗೆ ತೊಡಿಸಿ ನಿಲ್ಲಿಸಿದಾಗ ನಿಲ್ಲುವ ಕಷ್ಟ ಇಳಿಯಿತು. ಉನ್ಮಾದವು ಪ್ಯಾಂಟು ಬಿಗಿದರೆ ಇಳಿಯುವ ಜಾತಿಯದಲ್ಲ.

ಈ ಅನುಭವದಿಂದಲೇ ಬೆಲ್ ಒಂದು ಪ್ರಶ್ನೆಯನ್ನು ರೂಢಿಗೆ ತಂದರು. ಹೇಗಿದ್ದೀಯ ಎಂದು ಕೇಳುವುದಕ್ಕಿಂತ, ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ನೆಟ್ಟಗೆ ಇದ್ದು ಚಟುವಟಿಕೆಯಿಂದ ಕಳೆಯುವ ಗಂಟೆಗಳೆಷ್ಟು ಎಂದು ಕೇಳುವುದು. ನಿದ್ದೆ ಬಿಟ್ಟರೆ ಆರೋಗ್ಯವಂತರು ದಿನದ ಬಹುಪಾಲು ನೆಟ್ಟಗಿರುತ್ತಾರೆ. ತೀವ್ರವಾಗಿ ಬಳಲುವವರಿಗೆ ಅದು ಒಂದೆರಡು ಗಂಟೆ. ಸೋಫಾದಲ್ಲಿ ಕಾಲು ಚಾಚಿಕೊಂಡು ಓದಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಪ್ರಶ್ನೆ ಎಷ್ಟು ಸಣ್ಣದು! ಆದರೆ ಮುಂದಿನ ಭಾಗದಲ್ಲಿ ಇದೇ ಪ್ರಶ್ನೆ ದೊಡ್ಡ ಅಂಕಿಯೊಂದನ್ನು ಅಲುಗಾಡಿಸುತ್ತದೆ.

ಹದಿಮೂರು ವರ್ಷ, ಇಪ್ಪತ್ತೈದು ವರ್ಷ

1984ರ ಜನವರಿಯಿಂದ 1987ರ ಡಿಸೆಂಬರ್ ನಡುವೆ ಕಾಯಿಲೆ ಬಿದ್ದ 46 ಮಕ್ಕಳು ಮತ್ತು ಹದಿಹರೆಯದವರನ್ನು ಸರಾಸರಿ ಹದಿಮೂರು ವರ್ಷದ ನಂತರ ಮತ್ತೆ ಹುಡುಕಲಾಯಿತು. 35 ಮಂದಿ ಉತ್ತರಿಸಿದರು. ಫಲಿತಾಂಶ 2001ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆ 'ಪೀಡಿಯಾಟ್ರಿಕ್ಸ್'ನಲ್ಲಿ ಬಂತು. 13 ಮಂದಿ ಪೂರ್ತಿ ವಾಸಿಯಾಗಿದೆ ಎಂದರು. 15 ಮಂದಿ ಚೆನ್ನಾಗಿದ್ದೇವೆ, ಆದರೆ ಪೂರ್ತಿ ಹೋಗಿಲ್ಲ ಎಂದರು. ನಾಲ್ವರು ಇನ್ನೂ ಕಾಯಿಲೆಯಲ್ಲಿದ್ದರು. ಮೂವರು ಮೊದಲಿಗಿಂತಲೂ ಕೆಟ್ಟಿದ್ದರು.

ಮೊದಲ ಎರಡು ಸಾಲುಗಳನ್ನು ಕೂಡಿಸಿದರೆ ನೂರಕ್ಕೆ ಎಂಬತ್ತು ಮಂದಿಯ ಸ್ಥಿತಿ ತೃಪ್ತಿಕರ. ಈ ಎಂಬತ್ತು ಎಂಬ ಸಂಖ್ಯೆ ಸಮಾಧಾನ ಕೊಡುವಂಥದ್ದು, ಹೆತ್ತವರಿಗೆ ಹೇಳಬಹುದಾದದ್ದು. ನಾನು ಕಣ್ಣಿಡುವುದು ಅದೇ ಪ್ರಬಂಧದ ಇನ್ನೊಂದು ಸಾಲಿನ ಮೇಲೆ. 35 ಮಂದಿಯಲ್ಲಿ ಎಂಟು ಜನ ಎರಡು ವರ್ಷಕ್ಕೂ ಹೆಚ್ಚು ಶಾಲೆ ಕಳೆದುಕೊಂಡಿದ್ದರು, ಆ ಎಂಟರಲ್ಲಿ ಐವರು ಹದಿಮೂರು ವರ್ಷದ ನಂತರವೂ ಕಾಯಿಲೆಯಲ್ಲೇ ಇದ್ದರು. ಅಂದರೆ ಶಾಲೆಯ ಹಾಜರಿ ಪುಸ್ತಕ ಯಾವ ರಕ್ತಪರೀಕ್ಷೆಗಿಂತಲೂ ಚೆನ್ನಾಗಿ ಮುಂದಿನದನ್ನು ಹೇಳಿತ್ತು. ಶಿಸ್ತಿನ ಸಮಸ್ಯೆ ಎಂದು ಓದಲಾಗುವ ಅದೇ ಹಾಜರಿ ಪುಸ್ತಕ.

ಚೆನ್ನಾಗಿದ್ದೇವೆ ಎಂದವರ ಜೊತೆ ಇನ್ನೂ ಮಾತಾಡಿದಾಗ ಬೆಲ್ ಅವರಿಗೆ ಒಂದು ಸಂಗತಿ ಕಾಡತೊಡಗಿತು. ಹತ್ತು ಹನ್ನೆರಡನೆಯ ವಯಸ್ಸಿಗೇ ಮಲಗಿದ ಮಗುವಿಗೆ ಆರೋಗ್ಯವಂತ ಯೌವನ ಎಂದರೆ ಏನೆಂಬ ನೆನಪೇ ಇರುವುದಿಲ್ಲ. ಮೂವತ್ತರ ವಯಸ್ಸಿನಲ್ಲಿ ಅವಳು ಚೆನ್ನಾಗಿದ್ದೇನೆ ಎನ್ನುತ್ತಾಳೆ. ನೆಟ್ಟಗಿರುವ ಗಂಟೆಗಳನ್ನು ಎಣಿಸಿದರೆ ಅರ್ಧ ದಿನದ ಕೆಲಸ, ಮಧ್ಯಾಹ್ನ ನಿದ್ದೆ, ಸಂಜೆಯ ಯಾವ ಕಾರ್ಯಕ್ರಮವೂ ಇಲ್ಲ, ಭಾನುವಾರವಿಡೀ ವಿಶ್ರಾಂತಿ. ಬದುಕನ್ನು ಕಾಯಿಲೆಯ ಅಳತೆಗೆ ಹೊಲಿಸಿಕೊಂಡಿದ್ದಾಳೆ, ಅದು ಮೈಗೆ ಸರಿಯಾಗಿ ಕೂತಿದೆ, ಆದ್ದರಿಂದ ಬಟ್ಟೆ ಚಿಕ್ಕದೆಂದು ಅವಳಿಗೆ ಅನ್ನಿಸುವುದಿಲ್ಲ. ಇದನ್ನು ಅವರು ಆರೋಗ್ಯದ ಗುರುತಿನ ಗೊಂದಲ ಎಂಬರ್ಥದ ಮಾತಿನಲ್ಲಿ ಕರೆದರು.

ಇಪ್ಪತ್ತೈದು ವರ್ಷದ ನಂತರದ ಲೆಕ್ಕ ಚಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲೆನಾರ್ಡ್ ಜೇಸನ್ ಅವರ ತಂಡದೊಂದಿಗೆ ನಡೆದು 2012ರಲ್ಲಿ ಪ್ರಕಟವಾಯಿತು. ಹಳೆಯ ಪಟ್ಟಿಯ 25 ಮಂದಿ ಸಿಕ್ಕರು. ಐವರು ತಮಗೆ ಈಗಲೂ ಕಾಯಿಲೆ ಇದೆ ಎಂದರು, ಇಪ್ಪತ್ತು ಮಂದಿ ಇಲ್ಲ ಎಂದರು. ಈ ಸಲ ಅವರನ್ನು ಎಂದೂ ಈ ಕಾಯಿಲೆ ಬಾರದವರೊಂದಿಗೆ ಹೋಲಿಸಲಾಯಿತು. ಇಲ್ಲ ಎಂದ ಇಪ್ಪತ್ತು ಮಂದಿ ಕೂಡ ಬಹುಪಾಲು ಅಳತೆಗಳಲ್ಲಿ ಆರೋಗ್ಯವಂತರಿಗಿಂತ ಹಿಂದಿದ್ದರು.

ಹಳ್ಳಿಯಿಂದ ವ್ಯಾಖ್ಯೆಗೆ

ಜೇಸನ್ ಅವರೊಂದಿಗೆ ಬೆಲ್ ಇನ್ನೊಂದು ಕೆಲಸಕ್ಕೂ ಕೈಹಾಕಿದ್ದರು. 2006ರಲ್ಲಿ ಹಲವು ವೈದ್ಯರು ಕೂಡಿ ಮಕ್ಕಳಿಗಾಗಿಯೇ ಬರೆದ ವ್ಯಾಖ್ಯೆ ಅದು. ಆರು ತಿಂಗಳ ನಿಯಮ ಅಲ್ಲಿ ಮೂರು ತಿಂಗಳಿಗೆ ಇಳಿಯಿತು. ಶ್ರಮದ ನಂತರ ಉಲ್ಬಣಗೊಳ್ಳುವುದು ಕಡ್ಡಾಯ ಲಕ್ಷಣವಾಯಿತು. ಮಂಗಳವಾರ ಓಡಿ ಗುರುವಾರ ಮಲಗುವ ಹುಡುಗನಿಗೆ ಕೊನೆಗೂ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಆ ಬಳಿಕದ ಮೆಟ್ಟಿಲುಗಳನ್ನು ಬೇಗ ಹತ್ತಿಬಿಡಬಹುದು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಇದು ಗಂಭೀರ ದೈಹಿಕ ಕಾಯಿಲೆ ಎಂದು ಬರೆಯಿತು. ಅಮೆರಿಕದಲ್ಲಿ 8,36,000ದಿಂದ 25 ಲಕ್ಷದವರೆಗೆ ರೋಗಿಗಳಿರಬಹುದು, ಅವರಲ್ಲಿ ನೂರಕ್ಕೆ 84ರಿಂದ 91 ಮಂದಿಗೆ ರೋಗನಿರ್ಣಯವೇ ಆಗಿಲ್ಲ ಎಂದು ಅಂದಾಜಿಸಿತು. ನಿಂತಾಗ ಆಗುವ ತೊಂದರೆ ಆ ವರದಿಯ ಲಕ್ಷಣಗಳ ಪಟ್ಟಿ ಸೇರಿತು. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿದರೆ ಗುಣವಾಗುತ್ತದೆ ಎಂಬ ಸಲಹೆಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಕೈಬಿಟ್ಟಿತು. ಮಕ್ಕಳಲ್ಲಿ ನಾಲ್ಕು ವಾರಕ್ಕೇ ಈ ಕಾಯಿಲೆಯನ್ನು ಶಂಕಿಸಬೇಕು, ಮೂರು ತಿಂಗಳಿಗೆ ಖಚಿತಪಡಿಸಬಹುದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಕೋವಿಡ್ ಜ್ವರ ಬಿಟ್ಟ ಮೇಲೂ ಏಳಲಾಗದವರು ಆ ಹೊತ್ತಿಗಾಗಲೇ ಜಗತ್ತಿನ ಎಲ್ಲೆಡೆ ದವಾಖಾನೆಗಳ ಮುಂದೆ ನಿಂತಿದ್ದರು. ಸರಿಯಾಗಿ ಹೇಳುವುದಾದರೆ, ನಿಲ್ಲಲಾರದೆ ಕುಳಿತಿದ್ದರು.

1985ರಲ್ಲಿ ಆ ಬೆಂಚಿನ ಮೇಲೆ ಕುಳಿತಿದ್ದ ಹನ್ನೆರಡು ವರ್ಷದವರಿಗೆ 2021ರಲ್ಲಿ ನಲವತ್ತೆಂಟು.